ಪ್ರೆಸ್ಕಾಟ್ ಬೆಟ್ಟದ ಬುಗಾಟಿ ಕ್ಲಬ್: ಗುರುವಾರದಿಂದ ಭಾನುವಾರದವರೆಗೆ

ಗುರುವಾರ: ವೇಬ್ರಿಜ್

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇಬ್ರಿಜ್‌ಗೆ ರೈಲಿನಲ್ಲಿ ಅರ್ಧ ಗಂಟೆ, ಅಥವಾ ತುಸು ಹೆಚ್ಚು. ಅಲ್ಲಿಂದ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಮ್ಮಿಗೆ ಕಾಲ್ನಡಿಗೆಯಲ್ಲೇ ಹೋಗಬಹುದು. ಹೊರಟಿರುವುದು ಗ್ಲಾಸ್ಟರ್‌ಶೈರಿನ ಪ್ರೆಸ್ಕಾಟ್ ಬೆಟ್ಟಕ್ಕೆ, ಬುಗಾಟಿ ಎಂಬ ಹಳೆಯ ಫ್ರೆಂಚ್ ಕಾರುಗಳ ಮಾಲೀಕರ ಕ್ಲಬ್ಬಿಗೆ, ಅಲ್ಲಿನ ಬೆಟ್ಟ ಏರುವ ಸ್ಪರ್ಧೆ ನೋಡಲು. ಆದರೂ ಮೊದಲ ದಿನವನ್ನು ಇಲ್ಲಿಗೇ ಕೊಡಬೇಕು. ಇಂಗ್ಲೆಂಡಿನಲ್ಲಿ ಕಾರುಳ್ಳವರು ಕ್ಲಬ್ಬು ಕಟ್ಟಿಕೊಂಡು, ಬೇಲಿಯೊಳಗಿನ ಸ್ವಂತ ಜಾಗದಲ್ಲಿ ಓಡಿಸುವ ರೂಢಿಗೆ ಇಷ್ಟು ದೊಡ್ಡ ರೂಪ ಸಿಕ್ಕಿದ್ದು ಇಲ್ಲೇ. ಆಗ ಸಾರ್ವಜನಿಕ ರಸ್ತೆಯಲ್ಲಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಹ್ಯೂ ಲಾಕ್ ಕಿಂಗ್ ಎಂಬ ಜಮೀನ್ದಾರ ತನ್ನ ಎಸ್ಟೇಟಿನಲ್ಲೇ ಸುಮಾರು ಎರಡೂ ಮುಕ್ಕಾಲು ಮೈಲಿ ಸುತ್ತಳತೆಯ ಕಾಂಕ್ರೀಟ್ ಪಥ ಹಾಕಿಸಿದ. 1907ರ ಜೂನ್‌ನಲ್ಲಿ ಅದು ತೆರೆಯಿತು.

ಪಥದ ಅಗಲ 100 ಅಡಿ. ತಿರುವಿನ ದಂಡೆಗಳು ಸುಮಾರು 29 ಅಡಿ ಎತ್ತರಕ್ಕೆ ಬಾಗಿ ಏರುತ್ತವೆ. ಉಳಿದಿರುವ ದಂಡೆಯ ಮೇಲೆ ಹತ್ತಿ ನೋಡಿ. ಮೇಲಿನ ಅಂಚಿಗೆ ಹೋಗುವಷ್ಟರಲ್ಲಿ ಪಾದ ಜಾರತೊಡಗುತ್ತದೆ. ಅಲ್ಲಿ ಕಾರನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ವೇಗ ಮಾತ್ರ. ಕಾಂಕ್ರೀಟಿನ ಬಿರುಕುಗಳನ್ನೂ ಗಮನಿಸಿ. ಒಳಗೆ ಕಬ್ಬಿಣವಿಲ್ಲದ ಕಾಂಕ್ರೀಟನ್ನು ಹೊಸದಾಗಿ ಹಾಕಿದ ಮಣ್ಣಿನ ಮೇಲೆ ಸುರಿದಿದ್ದರು. ಮಣ್ಣು ಕುಳಿತಂತೆ ಕಾಂಕ್ರೀಟ್ ಹಲಗೆಗಳು ಮೇಲೆಕೆಳಗಾದವು. ವೇ ನದಿಯನ್ನು ದಾಟುವ ಕಡೆ ಬಿದ್ದ ಉಬ್ಬಿನ ಮೇಲೆ ದೊಡ್ಡ ಕಾರುಗಳು ನಾಲ್ಕೂ ಚಕ್ರ ನೆಲ ಬಿಟ್ಟು ಹಾರುತ್ತಿದ್ದವು. ಆ ಕಾಲದ ಕಾರುಗಳ ಸ್ಪ್ರಿಂಗುಗಳಿಗೆ ಹಗ್ಗ, ಪಟ್ಟಿ ಸುತ್ತಿ ಬಿಗಿದಿರುತ್ತಾರೆ, ಷಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿ ಹಾಕಿರುತ್ತಾರೆ. ಇದನ್ನು ಕಂಡು ಅಲಂಕಾರ ಅಂದುಕೊಳ್ಳಬೇಡಿ, ಇದೇ ಉಬ್ಬುತಗ್ಗು ಮಾಡಿಸಿದ ಕೆಲಸ ಅದು.

ಮ್ಯೂಸಿಯಮ್ಮಿನಲ್ಲಿ ತಪ್ಪಿಸಬಾರದ್ದು ನೇಪಿಯರ್-ರೈಲ್ಟನ್. 1933ರಲ್ಲಿ ರೇಸ್ ಚಾಲಕ ಜಾನ್ ಕಾಬ್‌ಗಾಗಿ ಇಲ್ಲೇ ಥಾಮ್ಸನ್ ಅಂಡ್ ಟೇಲರ್ ಕಂಪನಿ ಕಟ್ಟಿದ ಕಾರು. ಎಂಜಿನ್ನು ವಿಮಾನದ್ದು: 12 ಸಿಲಿಂಡರನ್ನು ಮೂರು ಸಾಲಾಗಿ ಜೋಡಿಸಿದ, ಹತ್ತಿರ ಹತ್ತಿರ 24 ಲೀಟರಿನ ನೇಪಿಯರ್ ಲಯನ್. ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಆ ಪಥದಲ್ಲಿ ಮುಂದಿನ ಬ್ರೇಕು ಬೇಕಾಗುತ್ತಲೇ ಇರಲಿಲ್ಲ. 1935ರ ಅಕ್ಟೋಬರಿನಲ್ಲಿ ಗಂಟೆಗೆ 143.44 ಮೈಲಿ ವೇಗದಲ್ಲಿ ಸುತ್ತು ಮುಗಿಸಿದ ದಾಖಲೆ ಇದರದೇ. 1939ರಲ್ಲಿ ಯುದ್ಧ ಬಂದು ಪಥ ಮುಚ್ಚಿತು, ದಾಖಲೆ ಕೊನೆಯವರೆಗೂ ಉಳಿಯಿತು.

ಇಲ್ಲಿನ ಕ್ಲಬ್ಬು ಕುದುರೆ ರೇಸಿನಿಂದ ಎಷ್ಟು ಎರವಲು ತಂದಿತ್ತೆಂದರೆ, ಮೊದಮೊದಲು ಕಾರುಗಳಿಗೆ ನಂಬರೇ ಇರಲಿಲ್ಲ, ಚಾಲಕರು ಜಾಕಿಗಳ ಹಾಗೆ ಬಣ್ಣದ ಅಂಗಿ ತೊಡುತ್ತಿದ್ದರು. ರೇಸುಗಳೂ ಹೆಚ್ಚಾಗಿ ಹ್ಯಾಂಡಿಕ್ಯಾಪ್ ಲೆಕ್ಕದವು: ನಿಧಾನದ ಕಾರು ಮೊದಲು ಹೊರಡುತ್ತದೆ, ವೇಗದ್ದು ಹಿಂದಿನಿಂದ ಬರುತ್ತದೆ. ಕಾರು ನಿಲ್ಲಿಸುವ ಆವರಣಕ್ಕೆ ‘ಪ್ಯಾಡಕ್’ ಎಂಬ ಹೆಸರು ಕುದುರೆ ಲಾಯದ ಕಡೆಯಿಂದಲೇ ಬಂದದ್ದು. ಭಾನುವಾರದ ತನಕ ಈ ಮಾತು ನೂರು ಸಲ ಕಿವಿಗೆ ಬೀಳುತ್ತದೆ.

ಹೊರಡುವ ಮೊದಲು ಟೆಸ್ಟ್ ಹಿಲ್ ಹತ್ತಿ ಇಳಿಯಿರಿ. 1909ರಲ್ಲಿ ಹಾಕಿದ 352 ಅಡಿಯ ನೇರ ಏರು ಅದು. ಬುಡದಲ್ಲಿ ಎಂಟಕ್ಕೆ ಒಂದು (ಎಂಟು ಅಡಿ ಸಾಗಿದರೆ ಒಂದು ಅಡಿ ಏರು), ನಡುವೆ ಐದಕ್ಕೆ ಒಂದು, ತುದಿಯಲ್ಲಿ ನಾಲ್ಕಕ್ಕೆ ಒಂದು. ಕಾರು ಏರುತ್ತದೋ ಇಲ್ಲವೋ, ಇಳಿಯುವಾಗ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಕಂಪನಿಗಳು ಇಲ್ಲಿ ಪರೀಕ್ಷೆ ಮಾಡುತ್ತಿದ್ದವು. ಎರಡು ದಿನದ ನಂತರ ನೋಡುವ ಬೆಟ್ಟದ ಓಟಕ್ಕೆ ಕಾಲೇ ಇಲ್ಲಿ ಅಳತೆ ಕೊಡುತ್ತದೆ.

ಶುಕ್ರವಾರ: ಬೈಸ್ಟರ್ ದಾಟಿ ಗಾದರಿಂಗ್ಟನ್

ಇವತ್ತಿನಿಂದ ಬಾಡಿಗೆ ಕಾರು ಬೇಕು. ಪ್ರವಾಸಿಗರಾಗಿ ಬಂದವರು ಭಾರತದ ಲೈಸೆನ್ಸಿನ ಮೇಲೆ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಸಣ್ಣ ವಾಹನ ಓಡಿಸಬಹುದು, ರಸ್ತೆಯೂ ನಮ್ಮಂತೆ ಎಡಬದಿ. ಕಾಟ್ಸ್‌ವೋಲ್ಡ್ಸ್ ಗುಡ್ಡನಾಡಿನ ಒಳಗಿನ ಹಳ್ಳಿದಾರಿಗಳಲ್ಲಿ ಎರಡು ಕಾರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ದೊಡ್ಡ ಕಾರಿನ ಆಸೆ ಬಿಟ್ಟು ಇದ್ದದ್ದರಲ್ಲಿ ಚಿಕ್ಕದನ್ನೇ ಪಡೆಯಿರಿ.

ಬೈಸ್ಟರ್ ಹೆರಿಟೇಜ್ ಹಳೆಯ ವಾಯುಪಡೆ ನೆಲೆ. 2013ರಿಂದ ಅದರ ಇಟ್ಟಿಗೆ ಕಟ್ಟಡಗಳಲ್ಲಿ ಹಳೆ ಕಾರು ದುರಸ್ತಿಯ ಕಸುಬುದಾರರು ಸೇರಿಕೊಂಡಿದ್ದಾರೆ. ವರ್ಷದಲ್ಲಿ ಕೆಲವು ಭಾನುವಾರಗಳಂದು ಮುಂಗಡ ಟಿಕೆಟ್ಟಿನವರಿಗೆ ಬಾಗಿಲು ತೆರೆಯುತ್ತಾರೆ, ಉಳಿದ ದಿನ ಅದು ಕೆಲಸದ ಜಾಗ. ಮೊದಲೇ ಮಾತಾಡಿಕೊಂಡಿಲ್ಲದಿದ್ದರೆ ನಿಲ್ಲದೆ ಮುಂದೆ ಹೋಗಿ, ನಷ್ಟವಿಲ್ಲ.

ಮಧ್ಯಾಹ್ನಕ್ಕೆ ಚೆಲ್ಟನ್‌ಹ್ಯಾಮ್ ಹತ್ತಿರದ ಗಾದರಿಂಗ್ಟನ್ ತಲುಪಿದರೆ ಪ್ರೆಸ್ಕಾಟ್ ಅಲ್ಲೇ ಪಕ್ಕ. ಬುಗಾಟಿ ಮಾಲೀಕರ ಕ್ಲಬ್ಬು ಹುಟ್ಟಿದ್ದು 1929ರಲ್ಲಿ. 1937ರಲ್ಲಿ ಪ್ರೆಸ್ಕಾಟ್ ಎಸ್ಟೇಟನ್ನು ಕೊಂಡು, ಮನೆಗೆ ಹೋಗುವ ದಾರಿಯನ್ನೇ ಸ್ಪರ್ಧೆಯ ರಸ್ತೆ ಮಾಡಿದರು. 1938ರಲ್ಲಿ ಓಟ ಶುರುವಾಯಿತು. ಆಗ ಉದ್ದ 880 ಗಜ. 1960ರಲ್ಲಿ ಒಂದು ಸುತ್ತುದಾರಿ ಸೇರಿಸಿ 1127 ಗಜಕ್ಕೆ, ಅಂದರೆ ಒಂದು ಕಿಲೋಮೀಟರಿಗೆ ತುಸು ಮೇಲಕ್ಕೆ, ಬೆಳೆಸಿದರು. ಹೊಸ ತಿರುವಿಗೆ ಕಾರಿನ ಜನಕ ಎಟ್ಟೋರೆ ಬುಗಾಟಿಯ ಹೆಸರು.

ಬೆಟ್ಟದ ಬುಡದಲ್ಲೇ ಬುಗಾಟಿ ಟ್ರಸ್ಟ್ ಇದೆ. 1987ರಲ್ಲಿ ಬುಗಾಟಿ ಇತಿಹಾಸಕಾರ ಹ್ಯೂ ಕಾನ್ವೇ ಮುಂದಾಳುತನದಲ್ಲಿ ಸ್ಥಾಪನೆಯಾದ ಸಣ್ಣ ಮ್ಯೂಸಿಯಂ, ಜೊತೆಗೆ ಕಾರ್ಖಾನೆಯ ನಕ್ಷೆಗಳು, ಪತ್ರಗಳು, ಫೋಟೋಗಳಿರುವ ಅಧ್ಯಯನ ಕೇಂದ್ರ. ಸ್ಪರ್ಧೆಯ ದಿನ ಜನ ತುಂಬಿರುತ್ತಾರೆ, ಆದ್ದರಿಂದ ಶುಕ್ರವಾರವೇ ಮೇಲು. ತೆರೆದಿರುವ ಹೊತ್ತನ್ನು ಫೋನಿನಲ್ಲಿ ಖಚಿತಪಡಿಸಿಕೊಂಡು ಹೊರಡಿ.

ನಾಳೆ ಪ್ಯಾಡಕ್ಕಿನಲ್ಲಿ ಕಣ್ಣಿಗೆ ಬೀಳುವುದು ಅರ್ಥವಾಗಬೇಕಾದರೆ ಬುಗಾಟಿಯ ಟೈಪ್ 35 ರೇಸ್ ಕಾರಿನ ಒಳಗನ್ನು ಇಂದೇ ತಿಳಿದಿರಬೇಕು. 1924ರ ಆಗಸ್ಟಿನಲ್ಲಿ ಲಿಯಾನ್ ಗ್ರಾಂಡ್ ಪ್ರಿಯಲ್ಲಿ ಇದು ಮೊದಲು ಇಳಿಯಿತು. ಆ ದಿನ ಟೈರಿನ ರಬ್ಬರು ಕಿತ್ತು ಬಂದು ಮಾನ ಹೋಯಿತು. ಆಮೇಲೆ 1925ರಿಂದ 1929ರವರೆಗೆ ಸಿಸಿಲಿಯ ಟಾರ್ಗಾ ಫ್ಲೋರಿಯೊ ರೇಸನ್ನು ಬುಗಾಟಿಗಳು ಸತತ ಐದು ಸಲ ಗೆದ್ದವು. ಎಂಟು ಸಿಲಿಂಡರು ಒಂದೇ ಸಾಲಿನಲ್ಲಿ, ವ್ಯಾಸ 60 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸಾಗುವ ದೂರ) 88 ಮಿ.ಮೀ., ಒಟ್ಟು 1991 ಸಿ.ಸಿ. ಪ್ರತಿ ಸಿಲಿಂಡರಿಗೆ ಮೂರು ವಾಲ್ವು: ಎರಡು ಒಳಕ್ಕೆ, ಒಂದು ಹೊರಕ್ಕೆ.

ಸಿಲಿಂಡರ್ ಹೆಡ್ ಬೇರೆಯಾಗಿಲ್ಲ, ನಾಲ್ಕು ನಾಲ್ಕರ ಎರಡು ಬ್ಲಾಕಿನೊಂದಿಗೇ ಎರಕವಾಗಿದೆ. ಹಾಗಾಗಿ ಇವೆರಡರ ಸಂದಿಯ ಹೆಡ್ ಗ್ಯಾಸ್ಕೆಟ್ ಒಡೆಯುವ ರೋಗವೇ ಇಲ್ಲ. ಆದರೆ ಒಂದು ವಾಲ್ವು ಉಜ್ಜಬೇಕೆಂದರೂ ಬ್ಲಾಕನ್ನೇ ಮೇಲೆತ್ತಬೇಕು. ಕ್ರ್ಯಾಂಕ್ ಶಾಫ್ಟು ತುಂಡು ತುಂಡಾಗಿ ಜೋಡಿಸಿದ್ದು, ಏಕೆಂದರೆ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯಲ್ಲಿ ರೋಲರ್ ಬೇರಿಂಗ್ ಇದೆ, ರಾಡು ಇಡಿಯಾಗಿದೆ, ಎರಡು ಹೋಳಿಲ್ಲ. ಶಾಫ್ಟನ್ನು ಬಿಚ್ಚದೆ ರಾಡು ಒಳಗೆ ಹೋಗುವುದಿಲ್ಲ. ರೋಲರುಗಳು ಉರುಳುವ ಬದಲು ಜಾರತೊಡಗಿದರೆ ಮೇಲ್ಮೈ ಎದ್ದು ಬರುತ್ತದೆ. ಆಮೇಲೆ ಇಡೀ ಶಾಫ್ಟು ಬಿಚ್ಚಿ, ಜೋಡಿಸಿ, ಸೂಜಿಯಳತೆಯಲ್ಲಿ ನೇರ ಮಾಡುವ ಕೆಲಸ. ಅದನ್ನು ಬಲ್ಲವರು ಕೈಬೆರಳೆಣಿಕೆಯಷ್ಟು ಜನ. ತಣ್ಣಗಿನ ಎಂಜಿನ್ನನ್ನು ಯಾರಾದರೂ ಬರ್ರೆಂದು ಕೂಗಿಸಿದರೆ ಪಕ್ಕದ ಮಾಲೀಕರು ಮುಖ ಸಿಂಡರಿಸುವುದು ಇದೇ ಕಾರಣಕ್ಕೆ.

ಟೈಪ್ 35ರ ಜೊತೆಗೆ ಅದರಂತೆಯೇ ಕಾಣುವ ನಾಲ್ಕು ಸಿಲಿಂಡರಿನ ಟೈಪ್ 37 ಇರುತ್ತದೆ: 1496 ಸಿ.ಸಿ., ಸಾದಾ ಬೇರಿಂಗು. ಖರ್ಚು ಕಡಿಮೆ, ನೋವೂ ಕಡಿಮೆ. ದೂರದಿಂದ ಬೇರೆ ಮಾಡಲು ಚಕ್ರ ನೋಡಿ. 35ರ ಚಕ್ರ ಅಲ್ಯೂಮಿನಿಯಂ ಎರಕದ್ದು, ಎಂಟು ಚಪ್ಪಟೆ ಕಡ್ಡಿ, ಬ್ರೇಕ್ ಡ್ರಮ್ಮೂ ಅದರಲ್ಲೇ ಸೇರಿದೆ. 37 ಸಾಮಾನ್ಯವಾಗಿ ತಂತಿಕಡ್ಡಿ ಚಕ್ರದ್ದು, ಆದರೆ ಮಾಲೀಕರು ಆಮೇಲೆ ಎರಕದ ಚಕ್ರ ಹಾಕಿಸಿಕೊಂಡದ್ದೂ ಉಂಟು. ಖಚಿತವಾಗಬೇಕಾದರೆ ಬಾನೆಟ್ಟು ತೆರೆಯುವ ತನಕ ಕಾಯಬೇಕು.

ಅಸಲಿ ಯಾವುದು ಎಂಬ ಪ್ರಶ್ನೆ ಇಲ್ಲಿ ಸದಾ ಸುಳಿದಾಡುತ್ತದೆ. ಚಾಸಿ, ಎಂಜಿನ್ನು, ಗೇರ್ ಬಾಕ್ಸು, ಹಿಂದಿನ ಆಕ್ಸಲ್, ಒಂದೊಂದಕ್ಕೂ ಬೇರೆ ನಂಬರು ಹೊಡೆದಿರುತ್ತದೆ. ನೂರು ವರ್ಷದಲ್ಲಿ ಇವು ಕಾರಿಂದ ಕಾರಿಗೆ ಹಾರಿವೆ. ಅರ್ಜೆಂಟೀನಾದಲ್ಲಿ ಇಂದಿಗೂ ಪೂರ್ತಿ ಹೊಸ ಟೈಪ್ 35 ಪ್ರತಿಕೃತಿಗಳನ್ನು ಕಟ್ಟುತ್ತಾರೆ, ಕಣ್ಣಳತೆಗೆ ಗುರುತೇ ಸಿಗುವುದಿಲ್ಲ. ಟ್ರಸ್ಟಿನ ಕಾಗದಗಳ ಬೆಲೆ ಇರುವುದು ಅಲ್ಲೇ. ಪ್ಯಾಡಕ್ಕಿನಲ್ಲಿ ಮಾತ್ರ ಮಾಲೀಕರನ್ನು ‘ಇದು ಅಸಲಿಯೇ?’ ಎಂದು ಕೇಳಬೇಡಿ. ‘ಇದರ ಇತಿಹಾಸ ಏನು?’ ಎಂದರೆ ಸಾಕು, ಎಲ್ಲವೂ ತಾನಾಗಿ ಹೊರಬರುತ್ತದೆ.

ಸಂಜೆ ಬಿಡುವಿದ್ದರೆ ಗಾದರಿಂಗ್ಟನ್ ಹಳ್ಳಿಯಲ್ಲೇ ಹಳೆಯ ಉಗಿಬಂಡಿ ಹಳಿ ಇದೆ, ಚೆಲ್ಟನ್‌ಹ್ಯಾಮ್ ರೇಸ್‌ಕೋರ್ಸಿನಿಂದ ಬ್ರಾಡ್‌ವೇವರೆಗೆ.

ಶನಿವಾರ: ಅಭ್ಯಾಸದ ದಿನ

ಪ್ರೆಸ್ಕಾಟ್ ಬುಗಾಟಿಯವರ ಸ್ವತ್ತು. ಆದರೆ ಆಗಸ್ಟಿನಲ್ಲಿ ಇಲ್ಲಿ ನಡೆಯುವ ದೊಡ್ಡ ಹಳೆ ಕಾರಿನ ಸ್ಪರ್ಧೆ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬಿನದು. 1934ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದದ್ದು ಮಾತ್ರ ವಿಂಟೇಜ್, 1919ಕ್ಕಿಂತ ಹಿಂದಿನದು ಎಡ್ವರ್ಡಿಯನ್. 1930ರ ದಶಕದ ಆಯ್ದ ಕಾರುಗಳಿಗೆ ಬೇರೆ ವರ್ಗವಿದೆ. ನಮ್ಮಲ್ಲಿ ಅಂಬಾಸಿಡರಿಗೂ ವಿಂಟೇಜ್ ಎನ್ನುತ್ತೇವೆ. ಇಲ್ಲಿ ಹಾಗಂದರೆ ನಯವಾಗಿ ತಿದ್ದುತ್ತಾರೆ. ಎರಡೂ ಕ್ಲಬ್ಬಿಗೆ ಸದಸ್ಯರಾಗಲು ಸ್ವಂತ ಹಳೆ ಕಾರು ಇರಲೇಬೇಕೆಂದಿಲ್ಲ. ಸದಸ್ಯರಲ್ಲದವರು ಟಿಕೆಟ್ಟು ಕೊಂಡು ಬಂದರೆ ಪ್ಯಾಡಕ್ಕಿನಲ್ಲಿ ಕಾರುಗಳ ನಡುವೆಯೇ ತಿರುಗಾಡಬಹುದು. ಟಿಕೆಟ್ಟನ್ನು ಕಾಗದದಲ್ಲಿ ಇಟ್ಟುಕೊಳ್ಳಿ, ಬೆಟ್ಟದ ಮಡಿಲಲ್ಲಿ ಮೊಬೈಲ್ ಸಿಗ್ನಲ್ಲನ್ನು ನೆಚ್ಚಬಾರದು. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಬರುವುದು ವಾಸಿ. ಕಿವಿಗೆ ಪ್ಲಗ್ಗು, ಒದ್ದೆ ಹುಲ್ಲಿಗೆ ತಕ್ಕ ಬೂಟು, ತೆಳು ಮಳೆಕೋಟು ಇರಲಿ. ಕೊಡೆ ಬೇಡ, ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಎಂಟು ಗಂಟೆಯೊಳಗೆ ಬಂದುಬಿಡಿ. ಬೆಳಗಿನ ಒಂದೂವರೆ ಗಂಟೆಗೆ ಸಮನಾದದ್ದು ಇಡೀ ದಿನದಲ್ಲಿ ಇನ್ನೊಂದಿಲ್ಲ. ಮಧ್ಯಾಹ್ನ ಬಂದವರು ಓಡುವ ಕಾರು ಮಾತ್ರ ನೋಡುತ್ತಾರೆ. ಬೆಳಗ್ಗೆ ಬಂದವರಿಗೆ ಅದು ಯಾಕೆ ಓಡುತ್ತದೆ ಅನ್ನುವುದು ತಿಳಿಯುತ್ತದೆ.

ಮೊದಲು ತಪಾಸಣೆ. ತಪಾಸಕರು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗಿನ ಸಡಿಲ ನೋಡುತ್ತಾರೆ, ಸ್ಟೀರಿಂಗಿನ ಆಟ ನೋಡುತ್ತಾರೆ. ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಅದು ಸ್ಪ್ರಿಂಗಿನ ಬಲದಿಂದಲೇ ಪೂರ್ತಿ ಮುಚ್ಚಬೇಕು. ಇಗ್ನಿಷನ್ ಸ್ವಿಚ್ಚಿನ ಮೇಲೆ ಆನ್, ಆಫ್ ಬರೆದಿರಬೇಕು, ಬ್ಯಾಟರಿಯ ಅರ್ತ್ ತಂತಿಗೆ ಹಳದಿ ಗುರುತು ಬೇಕು. ಅಪಘಾತವಾದಾಗ ಓಡಿಬರುವವರಿಗೆ ಈ ಕಾರು ಹೊಸದು, ಎಲ್ಲಿ ಆರಿಸಬೇಕೆಂದು ಹುಡುಕುವಷ್ಟು ಹೊತ್ತಿರುವುದಿಲ್ಲ. ಕಾರಿನ ಮೂತಿಯಲ್ಲಿ ನೆಟ್ಟಗೆ ನಿಂತ ಕಪ್ಪು ಪಟ್ಟಿ ಕಾಣುತ್ತದೆ. ಅಗಲ 51 ಮಿ.ಮೀ., ಎತ್ತರ 254 ಮಿ.ಮೀ., ಕೆಳತುದಿ ನೆಲದಿಂದ 200 ಮಿ.ಮೀ.ಗಿಂತ ಮೇಲಿರಬಾರದು. ಸಮಯ ಅಳೆಯುವ ಬೆಳಕಿನ ಕಿರಣವನ್ನು ಕತ್ತರಿಸುವುದು ಇದೇ. ಪಟ್ಟಿ ಇಲ್ಲದಿದ್ದರೆ ಒಂದು ಕಾರಿನ ಟೈರು, ಇನ್ನೊಂದರ ಆಕ್ಸಲ್ ಕಿರಣಕ್ಕೆ ಸಿಕ್ಕಿ ಲೆಕ್ಕ ಕೆಡುತ್ತದೆ.

ತಪಾಸಣೆ ಮುಗಿದ ಮೇಲೆ ಎಂಜಿನ್ನು ಎಬ್ಬಿಸುವ ಕೆಲಸ. ಹ್ಯಾಂಡಲ್ ಹಾಕಿ ತಿರುಗಿಸುವವರನ್ನು ಹುಡುಕಿ, ತುಸು ದೂರ ನಿಂತು ಪೂರ್ತಿ ನೋಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕು ಎಳೆದದ್ದು. ಇಗ್ನಿಷನ್ ಆಫ್ ಇರುವಾಗಲೇ ನಾಲ್ಕಾರು ಸುತ್ತು ತಿರುಗಿಸಿ ಎಣ್ಣೆಯನ್ನು ಬೇರಿಂಗುಗಳಿಗೆ ಕಳಿಸುತ್ತಾರೆ. ಬುಗಾಟಿಯಲ್ಲಿ ಪೆಟ್ರೋಲ್ ಟ್ಯಾಂಕಿಗೆ ಗಾಳಿಯೊತ್ತಡ ಬೇಕು. ಡ್ಯಾಷ್‌ಬೋರ್ಡಿನ ಕೈಪಂಪು ಒತ್ತಿ ಗೇಜಿನ ಮುಳ್ಳು ಎದ್ದದ್ದು ನೋಡುತ್ತಾರೆ. ಆಮೇಲೆ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುವುದು, ಇದನ್ನು ಮರೆತರೆ ಮಣಿಕಟ್ಟು ಮುರಿಯುತ್ತದೆ. ಪಿಸ್ಟನ್ ಮೇಲೆ ಬರುವ ಮುನ್ನವೇ ಕಿಡಿ ಹೊತ್ತಿದರೆ ಎಂಜಿನ್ನು ಹಿಂದುಮುಂದಾಗಿ ಒದೆಯುತ್ತದೆ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಹಿಡಿಯನ್ನು ಸುತ್ತಿರಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಹೀಗೆ ಹಿಡಿದಿದ್ದರೆ ಒದ್ದಾಗ ಹ್ಯಾಂಡಲ್ ಬೆರಳುಗಳಿಂದ ತಾನಾಗಿ ಬಿಡಿಸಿಕೊಂಡು ಹೋಗುತ್ತದೆ.

ಎಂಜಿನ್ನು ಹತ್ತಿದ ಸ್ವಲ್ಪ ಹೊತ್ತಿಗೆ ಕೆಲವರು ಅದನ್ನು ಮತ್ತೆ ಆರಿಸಿ ಸ್ಪಾರ್ಕ್ ಪ್ಲಗ್ಗೆಲ್ಲ ಬಿಚ್ಚುತ್ತಾರೆ. ಕೆಟ್ಟಿತೆಂದು ತಿಳಿಯಬೇಡಿ. ಬಿಸಿ ಮಾಡಲು ‘ಮೃದು’ ಪ್ಲಗ್ಗು, ಓಡಲು ‘ಗಟ್ಟಿ’ ಪ್ಲಗ್ಗು. ಮೃದು ಪ್ಲಗ್ಗು ಶಾಖವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ತುದಿಗೆ ಕೂರುವ ಎಣ್ಣೆ, ಮಸಿಯನ್ನು ಸುಟ್ಟುಹಾಕುತ್ತದೆ. ಆದರೆ ಪೂರ್ತಿ ಬಲದಲ್ಲಿ ಓಡಿಸಿದರೆ ಆ ತುದಿಯೇ ಕೆಂಡವಾಗಿ ಕಿಡಿಗಿಂತ ಮೊದಲೇ ಇಂಧನ ಹೊತ್ತಿಸುತ್ತದೆ, ಪಿಸ್ಟನ್ ತೂತಾಗುತ್ತದೆ. ಗಟ್ಟಿ ಪ್ಲಗ್ಗು ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ಆ ಅಪಾಯವಿಲ್ಲ. ನಿಧಾನಕ್ಕೆ ಓಡುವಾಗ ಮಾತ್ರ ಅದು ಎಣ್ಣೆಯಲ್ಲಿ ನೆನೆದು ಸತ್ತುಹೋಗುತ್ತದೆ. ಸರದಿಯಲ್ಲಿ ಹೆಚ್ಚು ಹೊತ್ತು ಕಾದ ಕಾರು ಸ್ಟಾರ್ಟ್ ಗೆರೆಯಲ್ಲಿ ಎರಡು ಸಿಲಿಂಡರ್ ಬಿಟ್ಟು ತೊದಲುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ತೆಗೆದ ಪ್ಲಗ್ಗುಗಳನ್ನು ಮಾಲೀಕರು ಕ್ರಮವಾಗಿ ಜೋಡಿಸಿಟ್ಟು ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ. ಪೆಟ್ರೋಲಿನ ಎಂಜಿನ್ನಾದರೆ ತಿಳಿ ಕಂದು ಒಳ್ಳೆಯದು, ಕಪ್ಪಾದರೆ ಇಂಧನ ಜಾಸ್ತಿ, ಬಿಳಿಯಾದರೆ ಕಡಿಮೆ. ಬಿಳಿ ಪಿಂಗಾಣಿಯ ಮೇಲೆ ಮಿನುಗುವ ಸಣ್ಣ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನಿಂದ ಕರಗಿ ಹಾರಿದ ಅಲ್ಯೂಮಿನಿಯಂ, ಆ ಕಾರು ಅಂದು ಮತ್ತೆ ಏರಬಾರದು. ಮೆಥನಾಲ್ ಎಂಬ ಮದ್ಯಸಾರದಲ್ಲಿ ಓಡುವ ಎಂಜಿನ್ನಿನಲ್ಲಿ ಬಣ್ಣ ಅಷ್ಟಾಗಿ ಹಿಡಿಯುವುದಿಲ್ಲ, ಓದುವುದು ಕಷ್ಟ.

ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇರುವ ರೇಸ್ ಕಾರುಗಳಲ್ಲಿ ಬಹಳಷ್ಟು ಮೆಥನಾಲಿನಲ್ಲೇ ಓಡುತ್ತವೆ. ಆವಿಯಾಗುವಾಗ ಅದು ಶಾಖವನ್ನು ಹೀರುತ್ತದೆ, ಸೇದುವ ಗಾಳಿ ತಣ್ಣಗಾಗುತ್ತದೆ, ಒತ್ತಡ ಏರಿಸಿದರೂ ಎಂಜಿನ್ನು ಬಡಿಯುವುದಿಲ್ಲ. ಬೇಸಿಗೆಯಲ್ಲೂ ಒಳಕೊಳವೆಯ ಮೇಲೆ ಇಬ್ಬನಿ ಕೂತಿರುವುದನ್ನು ನೋಡಬಹುದು. ಪೆಟ್ರೋಲಿನ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಮೆಥನಾಲಿಗೆ 6.4 ಸಾಕು, ಅಂದರೆ ಅಷ್ಟೇ ಗಾಳಿಗೆ ಎರಡರಷ್ಟಕ್ಕಿಂತ ಹೆಚ್ಚು ಇಂಧನ ಸುರಿಯಬೇಕು. ಜೆಟ್ಟು, ಪಂಪು, ಕೊಳವೆ ಎಲ್ಲವೂ ದಪ್ಪ. ಅಪಾಯವೊಂದಿದೆ, ನೋಡುಗರಿಗೂ ತಿಳಿದಿರಲಿ: ಹಗಲಿನಲ್ಲಿ ಮೆಥನಾಲಿನ ಬೆಂಕಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಚಾಲಕ ಕಾರಣವಿಲ್ಲದೆ ಹಾರಿ ಇಳಿದು ಕುಣಿದಂತೆ ಕಂಡರೆ ದೂರ ಸರಿಯಿರಿ.

ಅಷ್ಟರಲ್ಲಿ ಮೂಗಿಗೆ ಒಂದು ಸಿಹಿ ಸುಟ್ಟ ವಾಸನೆ ಬಡಿದಿರುತ್ತದೆ. ಹರಳೆಣ್ಣೆ! ನೆತ್ತಿಗೆ ತಟ್ಟಿಸಿಕೊಂಡು ಬೆಳೆದವರಿಗೆ ಪರಿಚಯ ಬೇಡ. ಕ್ಯಾಸ್ಟ್ರಾಲ್ ಆರ್ ಎಂಬ ರೇಸಿಂಗ್ ಎಣ್ಣೆಯ ಮೂಲ ಅದೇ. ಭಾರೀ ಶಾಖದಲ್ಲೂ ಲೋಹದ ಮೇಲಿನ ಪದರ ಹರಿಯದೆ ನಿಲ್ಲುವುದು ಅದರ ಗುಣ. ಅಂಟಾಗಿ ಗಟ್ಟಿಯಾಗುವುದು ಅವಗುಣ. ತಿಂಗಳುಗಟ್ಟಲೆ ಬಿಟ್ಟರೆ ಪಿಸ್ಟನ್ ರಿಂಗುಗಳನ್ನು ಗೋಂದು ಹಾಕಿದ ಹಾಗೆ ಹಿಡಿಯುತ್ತದೆ. ಖನಿಜ ಎಣ್ಣೆಯ ಜೊತೆ ಸರಿಯಾಗಿ ಬೆರೆಯುವುದೂ ಇಲ್ಲ, ಬೆರೆಸಿದರೆ ಕೆಸರು ಕೂತು ಎಣ್ಣೆದಾರಿ ಕಟ್ಟುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಟ್ಯಾಂಕು, ಕೊಳವೆ, ಎಂಜಿನ್ನಿನ ತಳದ ಎಣ್ಣೆಬಟ್ಟಲು ಎಲ್ಲ ಬಿಚ್ಚಿ ತೊಳೆಯಲೇಬೇಕು.

ಫ್ರೇಜರ್ ನ್ಯಾಶ್ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳ ಸಾಲಿಗೆ ಅರ್ಧ ಗಂಟೆಯಾದರೂ ಕೊಡಿ. ಇವುಗಳಲ್ಲಿ ಮಾಮೂಲಿ ಗೇರ್ ಬಾಕ್ಸೇ ಇಲ್ಲ. ಒಂದೊಂದು ಗೇರಿಗೆ ಒಂದೊಂದು ಚೈನು, ಬೇರೆ ಬೇರೆ ಹಲ್ಲಿನ ಚಕ್ರ. ಗೇರು ಹಾಕಿದಾಗ ಆಯಾ ಚೈನಿನ ಡಾಗ್ ಕ್ಲಚ್ಚು (ಹಲ್ಲಿನ ಕೊಂಡಿ) ಕಚ್ಚುತ್ತದೆ, ಉಳಿದವು ಸುಮ್ಮನೆ ತಿರುಗುತ್ತಿರುತ್ತವೆ. ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೂ ಇಲ್ಲ, ಹಿಂದಿನ ಆಕ್ಸಲ್ ಒಂದೇ ಕಡ್ಡಿ. ಆದ್ದರಿಂದ ತಿರುವಿನಲ್ಲಿ ಎರಡೂ ಹಿಂಚಕ್ರ ಒಂದೇ ವೇಗದಲ್ಲಿ ತಿರುಗಬೇಕಾಗಿ ಬಂದು ಬಾಲ ಹೊರಕ್ಕೆ ಎಸೆಯುತ್ತದೆ. ಚಾಲಕರು ಅದನ್ನೇ ಬೇಕೆಂದು ಮಾಡಿಸುತ್ತಾರೆ. ಚೈನು ಬಿಗಿ ಮಾಡಲು ಆಕ್ಸಲನ್ನೇ ಹಿಂದಕ್ಕೆ ಸರಿಸಬೇಕು. ಎಲ್ಲ ಚೈನೂ ಒಂದೇ ಆಕ್ಸಲಿಗೆ ಕಟ್ಟಿರುವುದರಿಂದ ಒಂದು ಸರಿಯಾದರೆ ಇನ್ನೊಂದು ತುಸು ಸಡಿಲ, ಆ ರಾಜಿಯಲ್ಲೇ ಕೈಚಳಕ ಇರುವುದು. ಚೈನಿನ ಲಾಕಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೇ ಇರಬೇಕು. ತಿರುವುಮುರುವಾದರೆ ಏನಾದರೂ ತಗುಲಿ ಲಾಕು ಹಾರಿಹೋಗುತ್ತದೆ.

ಇ.ಆರ್.ಎ. (ಇಂಗ್ಲಿಷ್ ರೇಸಿಂಗ್ ಆಟೋಮೊಬೈಲ್ಸ್) ಕಾರುಗಳು ಇದರ ನೇರ ವಿರುದ್ಧ ಜಾತಿ. 1933ರಲ್ಲಿ ಲಿಂಕನ್‌ಶೈರಿನ ಬೌರ್ನ್‌ನಲ್ಲಿ ಶುರುವಾದ ಕಂಪನಿ, ಆರು ಸಿಲಿಂಡರು, ಸೂಪರ್‌ಚಾರ್ಜರು, ಮುಂಗಡವಾಗಿ ಗೇರು ಆರಿಸುವ ವಿಲ್ಸನ್ ಗೇರ್ ಬಾಕ್ಸು. ಮುಂದಿನ ಗೇರನ್ನು ಸನ್ನೆಕೋಲಿನಲ್ಲಿ ಮೊದಲೇ ಗೊತ್ತುಮಾಡಿಟ್ಟು, ಬೇಕಾದಾಗ ಪೆಡಲ್ ಒತ್ತಿದರೆ ಅದು ಬೀಳುತ್ತದೆ. ಕೈ ಪೂರ್ತಿ ಸ್ಟೀರಿಂಗಿಗೇ ಉಳಿಯುತ್ತದೆ. ಬೆಟ್ಟದ ಓಟಕ್ಕೆ ಇಂಥದ್ದು ವರವೇ ಸರಿ.

ಪ್ಯಾಡಕ್ಕಿನ ನಡವಳಿಕೆ ಕಷ್ಟವೇನಿಲ್ಲ. ಮೈಗೆ ಒರಗಬೇಡಿ: ಅಲ್ಯೂಮಿನಿಯಂ ತಗಡು ತೆಳು, ಮೊಣಕೈ ಊರಿದರೂ ತಗ್ಗು ಬೀಳುತ್ತದೆ. ತಳ್ಳಿ ಸ್ಟಾರ್ಟ್ ಮಾಡುವ ಕಾರಿನ ಮುಂದೆ ನಿಲ್ಲಬೇಡಿ. ಬಾನೆಟ್ಟಿನೊಳಗೆ ತಲೆಹಾಕಿದವರನ್ನು ಮಾತಿಗೆ ಎಳೆಯಬೇಡಿ, ತಲೆ ಹೊರಬಂದು ಕೈ ಒರೆಸಿಕೊಳ್ಳುವ ತನಕ ತಾಳಿ. ಆಮೇಲೆ ಅವರೇ ನಿಮ್ಮನ್ನು ಬಿಡುವುದಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಹಳೆ ಕಾರಿನ ಚಂದ ಗೊತ್ತಿರುತ್ತದೆ. ಎಣ್ಣೆ ತೊಟ್ಟಿಕ್ಕುವ, ಕೈಸುಡುವ ಸ್ಥಿತಿಯಲ್ಲಿ ಅದೇ ವಯಸ್ಸಿನ ಯಂತ್ರಗಳನ್ನು ನೋಡಲು ಮಾತ್ರ ಇಲ್ಲಿಗೇ ಬರಬೇಕು.

ಭಾನುವಾರ: ಗಡಿಯಾರದ ಎದುರು

ಇಂದು ಓಟವನ್ನು ನೋಡುವುದು. ಒಮ್ಮೆಗೆ ಒಂದೇ ಕಾರು, ಎದುರಾಳಿ ಸಮಯ. ಮೊದಲು ಸ್ಟಾರ್ಟ್ ಗೆರೆಯ ಬಳಿ ಹೋಗಿ. ಏರುದಾರಿಯಲ್ಲಿ ಕಾರು ಹಿಂದಕ್ಕೆ ಜಾರದಂತೆ ಮಾರ್ಷಲ್ ಒಬ್ಬರು ಹಿಂಚಕ್ರಕ್ಕೆ ಅಡ್ಡಗಟ್ಟೆ ಕೊಡುತ್ತಾರೆ. ಚಾಲಕ ಬ್ರೇಕಿನ ಚಿಂತೆ ಬಿಟ್ಟು ಕ್ಲಚ್ಚು, ಆಕ್ಸಿಲರೇಟರು ಮಾತ್ರ ನೋಡಿಕೊಳ್ಳಬಹುದು. ಹಸಿರು ದೀಪ ಬಂದರೆ ‘ಹೊರಡು’ ಎಂದಲ್ಲ, ‘ಮನಸ್ಸು ಬಂದಾಗ ಹೊರಡಬಹುದು’ ಎಂದು. ಪಟ್ಟಿ ಕಿರಣವನ್ನು ದಾಟಿದಾಗಲೇ ಗಡಿಯಾರ ಓಡತೊಡಗುವುದು. ಹೀಗಾಗಿ ಥಟ್ಟನೆ ಹೊರಡುವವರಿಗೆ ಲಾಭವಿಲ್ಲ, ಎಂಜಿನ್ನು ಸರಿಯಾದ ಸುತ್ತಿಗೆ ಬಂದಾಗ ಹೊರಡುವವರಿಗೆ ಲಾಭ. ಮೊದಲ 64 ಅಡಿಯ ಸಮಯವನ್ನು ಬೇರೆಯಾಗಿ ಹಿಡಿಯುವ ಪದ್ಧತಿ ಬ್ರಿಟಿಷ್ ಬೆಟ್ಟದ ಓಟಗಳಲ್ಲಿದೆ. ಅದನ್ನು ನೋಡಿದರೆ ತಪ್ಪು ಹೊರಡುವಿಕೆಯದೋ ತಿರುವಿನದೋ ಗೊತ್ತಾಗುತ್ತದೆ.

ಕಾರುಗಳು ಹೆಚ್ಚಾಗಿ ಮುರಿಯುವುದು ಮೇಲೆ ಎಲ್ಲೋ ಅಲ್ಲ, ಇಲ್ಲೇ. ಹಿಡಿತ ಹೆಚ್ಚಲೆಂದು ಕೆಲವರು ಹಿಂದೆ ಜೋಡಿ ಟೈರು ಹಾಕಿರುತ್ತಾರೆ. ಟೈರು ಜಾರದಿದ್ದರೆ ಕ್ಲಚ್ಚಿನ ಪೆಟ್ಟೆಲ್ಲ ಹಿಂಚಕ್ರಗಳಿಗೆ ಬಲ ಒಯ್ಯುವ ಹಾಫ್ ಶಾಫ್ಟಿಗೆ, ಕ್ರೌನ್ ಚಕ್ರದ ಹಲ್ಲಿಗೆ ಬೀಳುತ್ತದೆ. ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ನು ಕಿರುಚುತ್ತದೆ, ಕಾರು ನಿಂತೇ ಇರುತ್ತದೆ. ಟೈಪ್ 35ರ ಕ್ಲಚ್ಚಿನಲ್ಲಿ ಉಕ್ಕು ಮತ್ತು ಬೀಡುಕಬ್ಬಿಣದ ಬಿಲ್ಲೆಗಳು ಒಂದರ ಮೇಲೊಂದು ಎಣ್ಣೆಯಲ್ಲಿ ಮುಳುಗಿರುತ್ತವೆ, ಎಣ್ಣೆಗೆ ಸೀಮೆಎಣ್ಣೆ ಬೆರೆಸಿ ತೆಳು ಮಾಡುತ್ತಾರೆ. ಮಿಶ್ರಣ ದಪ್ಪವಾದರೆ ತಣ್ಣಗಿರುವಾಗ ಬಿಲ್ಲೆ ಬಿಟ್ಟುಕೊಳ್ಳುವುದಿಲ್ಲ, ಒಣಗಿದರೆ ಜಗ್ಗಿ ಹಿಡಿಯುತ್ತದೆ.

ಬೆಟ್ಟದ ಹೆಸರುಗಳು ಕೆಳಗಿನಿಂದ ಮೇಲಕ್ಕೆ: ಆರ್ಚರ್ಡ್, ಎಟ್ಟೋರೆ, ಪಾರ್ಡನ್, ಎಸ್ಸಸ್, ಸೆಮಿಸರ್ಕಲ್. ಒಂದೇ ಕಡೆ ನಿಲ್ಲುವುದಾದರೆ ಪಾರ್ಡನ್. ಕಡಿದಾದ ಏರಿನ ನಡುವೆ ಮಡಚಿದ ತಿರುವು ಅದು. ಮೊದಲು ಬ್ರೇಕು, ಆಮೇಲೆ ಕೆಳಗಿನ ಗೇರು, ತಿರುಗಿಸುತ್ತಿರುವಾಗಲೇ ಮತ್ತೆ ಎಳೆತ. ಒಳಗಡೆಯ ಹಿಂಚಕ್ರ ನೆಲ ಬಿಟ್ಟು ಸುಮ್ಮನೆ ತಿರುಗುವುದು, ಡಿಫರೆನ್ಷಿಯಲ್ ಆ ಚಕ್ರಕ್ಕೇ ಬಲವೆಲ್ಲ ಸುರಿದು ಕಾರು ಬಾಡಿಹೋಗುವುದು ಕಣ್ಣೆದುರೇ ಕಾಣುತ್ತದೆ. ಅದೇ ಜಾಗದಲ್ಲಿ ಫ್ರೇಜರ್ ನ್ಯಾಶ್ ಎರಡೂ ಚಕ್ರದಿಂದ ಜಲ್ಲಿ ಎರಚುತ್ತ ಹೊರಟುಹೋಗುತ್ತದೆ. ಬ್ರೇಕು ತಂತಿಹಗ್ಗದ್ದಾದ ಕಾರುಗಳು ಇಲ್ಲಿ ಒಂದು ಪಕ್ಕಕ್ಕೆ ಎಳೆಯುವುದನ್ನೂ ಗಮನಿಸಿ. ಒಂದು ಬದಿಯ ತಂತಿ ಹೆಚ್ಚು ಹಿಗ್ಗಿರುತ್ತದೆ, ಅಥವಾ ಶೂ ಮೇಲೆ ಎಣ್ಣೆ ಸೋರಿರುತ್ತದೆ. ಟೈಪ್ 35ರಲ್ಲಿ ಚಕ್ರದ ಜೊತೆಗೇ ಡ್ರಮ್ಮೂ ಹೊರಬರುವುದರಿಂದ ಪ್ಯಾಡಕ್ಕಿಗೆ ಮರಳಿದ ಕೆಲವೇ ನಿಮಿಷದಲ್ಲಿ ಶೂ ಪರೀಕ್ಷೆ ಮುಗಿಯುತ್ತದೆ.

ಸೆಮಿಸರ್ಕಲ್ ವೇಗದ ತಿರುವು, ಹೊರಬದಿಗೆ ಇಳಿಜಾರು. ಧೈರ್ಯ ಯಾರಿಗೆಷ್ಟು ಎಂದು ಸದ್ದಿನಲ್ಲೇ ತಿಳಿಯುತ್ತದೆ: ಕಾಲು ಎತ್ತಿದವರ ಎಂಜಿನ್ನು ಅಲ್ಲಿ ಒಂದು ಕ್ಷಣ ಉಸಿರು ತೆಗೆದುಕೊಳ್ಳುತ್ತದೆ. ಆಧುನಿಕ ರೇಸ್ ಕಾರುಗಳ ದಾಖಲೆ ಈ ಬೆಟ್ಟಕ್ಕೆ 36 ಸೆಕೆಂಡಿಗೂ ಕಡಿಮೆ. ಒಳ್ಳೆಯ ಕೈಗೆ ಸಿಕ್ಕ ಟೈಪ್ 35 ಐವತ್ತರ ಆಸುಪಾಸಿನಲ್ಲಿ ಮೇಲೆ ಇರುತ್ತದೆ. ನೂರು ವರ್ಷದ ಯಂತ್ರ, ತಂತಿಯ ಬ್ರೇಕು, ತೆಳು ಟೈರು, ವ್ಯತ್ಯಾಸ ಅಷ್ಟೇ.

ಮಳೆ ಬಂದರೆ ಬೇಸರ ಬೇಡ, ಓಟ ನಿಲ್ಲುವುದಿಲ್ಲ. ಒದ್ದೆ ರಸ್ತೆಯಲ್ಲಿ ಬಲ ಕಡಿಮೆ ಇರುವ ಚಿಕ್ಕ ಕಾರುಗಳು ದೊಡ್ಡವನ್ನು ನಾಚಿಸುತ್ತವೆ. ಆಸ್ಟಿನ್ ಸೆವೆನ್‌ಗಳ ಸರದಿಗೆ ಆಗ ಹೆಚ್ಚು ಬೆಲೆ.

ಕೊನೆಯ ಓಟ ಮುಗಿದ ಕೂಡಲೇ ಪಾರ್ಕಿಂಗ್ ಕಡೆ ಓಡಬೇಡಿ. ಹಳ್ಳಿದಾರಿ ಹೇಗೂ ಕಟ್ಟಿರುತ್ತದೆ. ಆ ಒಂದು ಗಂಟೆ ಪ್ಯಾಡಕ್ಕಿನಲ್ಲಿ ಗಂಟುಮೂಟೆ ಕಟ್ಟುವ ಕೆಲಸ ನಡೆಯುತ್ತದೆ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ತಿನ್ನುತ್ತದೆ, ಕಾರ್ಬುರೇಟರಿನ ಬಟ್ಟಲಲ್ಲಿ ಬಿಳಿ ಪುಡಿ ಕೂರಿಸುತ್ತದೆ. ಅದಕ್ಕೆ ಟ್ಯಾಂಕು ಪೂರ್ತಿ ಬಸಿದು, ಪೆಟ್ರೋಲ್ ಹಾಕಿ, ಎಂಜಿನ್ನನ್ನು ಕೆಲವು ನಿಮಿಷ ಸಣ್ಣಗೆ ಓಡಿಸಿ ಕೊಳವೆಗಳನ್ನೆಲ್ಲ ತೊಳೆಯುತ್ತಾರೆ. ಹರಳೆಣ್ಣೆಯನ್ನು ಬಿಸಿ ಆರುವ ಮುನ್ನವೇ ಇಳಿಸಬೇಕು. ಬುಗಾಟಿಯವರು ಬೋಲ್ಟುಗಳಿಗೆ ಸುತ್ತಿದ ಬೀಗದ ತಂತಿಯನ್ನು ಒಂದೊಂದಾಗಿ ಬೆರಳಿಂದ ತಡವಿ ನೋಡುತ್ತಾರೆ. ತಂತಿ ಯಾವಾಗಲೂ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಸುತ್ತಿರಬೇಕು, ಉಲ್ಟಾ ಸುತ್ತಿದ ತಂತಿ ಇದ್ದೂ ಇಲ್ಲದಂತೆ. ಪ್ರಶ್ನೆ ಕೇಳಲು ಎರಡು ದಿನದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ: ಗಡಿಯಾರದ ಭಯ ಕಳೆದಿರುತ್ತದೆ, ಎರಡೂ ಕೈಗೆ ಕೆಲಸವಿರುತ್ತದೆ, ಬಾಯಿ ಮಾತ್ರ ಖಾಲಿ.

ಇನ್ನೊಂದು ದಿನ ಉಳಿದಿದ್ದರೆ ವೂಸ್ಟರ್‌ಶೈರಿನ ಶೆಲ್ಸ್ಲಿ ವಾಲ್ಷ್ ಕಡೆ ಹೋಗಬಹುದು. ಮಿಡ್‌ಲ್ಯಾಂಡ್ ಆಟೋಮೊಬೈಲ್ ಕ್ಲಬ್ಬು 1905ರಿಂದ ಓಡಿಸುತ್ತಿರುವ 1000 ಗಜದ ಬೆಟ್ಟ, ಪ್ರೆಸ್ಕಾಟ್‌ಗಿಂತ ನೆಟ್ಟಗೆ, ವೇಗವೂ ಹೆಚ್ಚು. ಸ್ಪರ್ಧೆಯಿಲ್ಲದ ದಿನವಾದರೆ ಕ್ಲಬ್ಬಿಗೆ ಮೊದಲೇ ಬರೆದು ಕೇಳಿ ಹೊರಡಿ.